ಮರೆವಿನ ಕಾಯಿಲೆಯ ಹಿರಿಯರಿಗೆ ಸರಿಯಾದ ವೈದ್ಯಕೀಯ ಆರೈಕೆ: ಹಾಸನ, ಚಿಕ್ಕಮಗಳೂರಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ತಂದೆ ಸಕಲೇಶಪುರ ತಾಲ್ಲೂಕಿನ ಕಾಫಿ ತೋಟವೊಂದರಲ್ಲಿ 32 ವರ್ಷ ರೈಟರ್ ಆಗಿದ್ದವರು. ಬೆಳಿಗ್ಗೆ ಚೆಕ್‌ರೋಲ್ ಹಿಡಿದು ಆಳುಗಳ ಹಾಜರಿ ಹಾಕುವುದು, ವಾರದ ಕೊನೆಗೆ ಬಟವಾಡೆಯ ಲೆಕ್ಕವನ್ನು ಪೈಸೆ ಬಿಡದೆ ಒಪ್ಪಿಸುವುದು ಅವರ ದುಡಿಮೆಯಾಗಿತ್ತು. ನಿವೃತ್ತರಾಗಿ ಹಾಸನಕ್ಕೆ ಬಂದ ಮೇಲೂ ಅದೇ ಶಿಸ್ತಿನಲ್ಲಿ ಮನೆಯ ಹಾಲಿನ ಲೆಕ್ಕ ಬರೆಯುತ್ತಿದ್ದರು. ಒಂದು ತಿಂಗಳು ಹಾಲಿನವನಿಗೆ ಎರಡು ಸಲ ಹಣ ಕೊಟ್ಟರು, ಮುಂದಿನ ತಿಂಗಳು ಮೂರು ಸಲ. ಪುಸ್ತಕ ತೆಗೆದು ನೋಡಿದರೆ ಒಂದೇ ತಾರೀಖಿನ ಕೆಳಗೆ ಒಂದೇ ಮೊತ್ತ ಮೂರು ಸಾಲಿನಲ್ಲಿ, ಮೂರೂ ಸಲ ಅದೇ ದುಂಡಗಿನ ಅಕ್ಷರದಲ್ಲಿ, ಪ್ರತಿ ಸಾಲಿನ ಕೊನೆಗೆ ಅವರ ಕಿರುಸಹಿಯೊಂದಿಗೆ ಇತ್ತು. ನೆಂಟರೆಲ್ಲ ‘ಅರವತ್ತಕ್ಕೆ ಅರಳು ಮರಳು’ ಎಂದರು, ನಾವೂ ಹೌದೆಂದು ತಲೆಯಾಡಿಸಿದೆವು. ಆ ಒಂದು ಗಾದೆ ನಮ್ಮ ಒಂದೂವರೆ ವರ್ಷವನ್ನು ನುಂಗಿತು.

ಇಷ್ಟು ವರ್ಷಗಳ ಓಡಾಟದಿಂದ ನಾನು ಕಂಡುಕೊಂಡದ್ದು ಇಷ್ಟು: ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಹಿರಿಯರಿಗೆ ಬೇಕಾಗಿರುವುದು ಒಬ್ಬ ದೊಡ್ಡ ವೈದ್ಯರಲ್ಲ, ಇಬ್ಬರು ವೈದ್ಯರು. ಕಾಯಿಲೆ ಯಾವುದೆಂದು ಖಚಿತಪಡಿಸಿ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ದಾರಿ ತೋರಿಸುವ ದೂರದ ತಜ್ಞರೊಬ್ಬರು. ಜ್ವರ, ಮಲಬದ್ಧತೆ, ಬಿದ್ದ ಪೆಟ್ಟು, ನಿದ್ದೆಗೇಡಿನಂಥ ವಾರವಾರದ ತೊಂದರೆಗಳಿಗೆ ಫೋನ್ ಎತ್ತುವ ಹತ್ತಿರದ ವೈದ್ಯರೊಬ್ಬರು. ಇವರಿಬ್ಬರನ್ನು ಬೆಸೆಯುವುದು ಮನೆಯವರು ಬರೆದಿಡುವ ಒಂದು ನೋಟ್‌ಬುಕ್. ಈ ಮಾರ್ಗದರ್ಶಿಯ ಹೆಜ್ಜೆಗಳೆಲ್ಲ ಈ ಮೂರನ್ನು ಹೊಂದಿಸಿಕೊಳ್ಳುವುದಕ್ಕಾಗಿಯೇ ಇವೆ.

ಹೆಜ್ಜೆ 1: ಇದು ಇಂದೇ ಹೋಗಬೇಕಾದದ್ದೋ, ಈ ತಿಂಗಳೊಳಗೆ ಹೋಗಬೇಕಾದದ್ದೋ ತೀರ್ಮಾನಿಸಿ

ವಯಸ್ಸಾದವರು ಕನ್ನಡಕ ಇಟ್ಟ ಜಾಗ ಮರೆತು ಹುಡುಕಿ ಸಿಕ್ಕಾಗ ನಗುವುದು ಮರೆವು. ಕನ್ನಡಕವನ್ನು ಅಕ್ಕಿ ಡಬ್ಬಿಯಲ್ಲಿಟ್ಟು, ಕೆಲಸದವಳು ಕದ್ದಳೆಂದು ದೂರುವುದು, ಐವತ್ತು ವರ್ಷ ಮಾಡಿದ ಸಾರಿನ ಹದ ತಪ್ಪುವುದು, ದಿನವೂ ನಡೆದ ದಾರಿಯಲ್ಲಿ ಮನೆಯ ತಿರುವು ತಿಳಿಯದೆ ನಿಲ್ಲುವುದು, ಮಾತಿನ ನಡುವೆ ಸಾಧಾರಣ ವಸ್ತುಗಳ ಹೆಸರು ಸಿಗದೆ ‘ಅದು, ಅದು’ ಎಂದು ಕೈ ತೋರಿಸುವುದು ಬೇರೆಯೇ ಲಕ್ಷಣಗಳು. ಇವು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುತ್ತಿದ್ದರೆ ನಿಮಗೆ ಸಿದ್ಧತೆ ಮಾಡಿಕೊಳ್ಳಲು ಒಂದೆರಡು ವಾರಗಳ ಸಮಯವಿದೆ. ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿದೆ. ಆದ್ದರಿಂದ ನಿಮ್ಮ ಮನೆಯಲ್ಲಿ ಮಾತ್ರ ಹೀಗಾಗಿದೆ ಎಂದು ಮುಚ್ಚಿಟ್ಟುಕೊಳ್ಳುವ ಅಗತ್ಯವಿಲ್ಲ.

ಆದರೆ ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಇದ್ದಕ್ಕಿದ್ದಂತೆ ಗೊಂದಲಗೊಂಡು, ಒಮ್ಮೆ ಮಂಪರಿನಲ್ಲಿ ಮಲಗಿ, ಮತ್ತೊಮ್ಮೆ ರೇಗಾಡಿ, ಗಂಟೆಗೊಂದು ಥರ ವರ್ತಿಸುತ್ತಿದ್ದರೆ ಅದನ್ನು ಡೆಲಿರಿಯಮ್ ಎನ್ನುತ್ತಾರೆ, ಮತ್ತು ಅದಕ್ಕೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಕುಸಿಯುವುದು, ನಿರ್ಜಲೀಕರಣ, ಹೊಸದಾಗಿ ಆರಂಭಿಸಿದ ಮಾತ್ರೆ ಇದಕ್ಕೆ ಸಾಮಾನ್ಯ ಕಾರಣಗಳು. ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು ಕಂಡರೆ ಅದು ಪಾರ್ಶ್ವವಾಯು. ಅಲ್ಲಿ ಲೆಕ್ಕ ಗಂಟೆಗಳದ್ದೂ ಅಲ್ಲ, ನಿಮಿಷಗಳದ್ದು.

ಹೆಜ್ಜೆ 2: ವೈದ್ಯರ ಬಳಿ ಹೋಗುವ ಮೊದಲು ನೋಟ್‌ಬುಕ್ ತೆರೆಯಿರಿ

ಈ ಹೆಜ್ಜೆಯನ್ನು ಬಹಳ ಮನೆಗಳು ಹಾರಿಸುತ್ತವೆ, ಮತ್ತು ಇಲ್ಲಿ ಹಾರಿಸಿದ್ದಕ್ಕೆ ಮುಂದೆ ಪ್ರತಿ ಆಸ್ಪತ್ರೆಯಲ್ಲೂ ಬೆಲೆ ತೆರುತ್ತವೆ. ಡಿಮೆನ್ಶಿಯಾವನ್ನು ಕಂಡುಹಿಡಿಯುವುದು ರಕ್ತಪರೀಕ್ಷೆಯಿಂದಲೋ ಸ್ಕ್ಯಾನ್‌ನಿಂದಲೋ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ವೈದ್ಯರಿಗೆ ಹೆಚ್ಚು ನೆರವಾಗುವುದು, ಜೊತೆಗೆ ಬದುಕುವವರು ಹೇಳುವ ವಿವರ. ರೋಗಿಯನ್ನೇ ಕೇಳಿದರೆ ‘ನನಗೇನಾಗಿದೆ, ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಅಪರಿಚಿತರೆದುರು ಹತ್ತು ನಿಮಿಷ ಗತ್ತಿನಿಂದ ಮಾತಾಡುವ ಶಕ್ತಿ ಈ ಕಾಯಿಲೆಯಲ್ಲಿ ಬಹಳ ಕಾಲ ಉಳಿದಿರುತ್ತದೆ. ನನ್ನ ತಂದೆ ಮೊದಲ ವೈದ್ಯರ ಮುಂದೆ ಕುಳಿತು ರೊಬಸ್ಟಾ ಧಾರಣೆಯ ಬಗ್ಗೆ ಅಷ್ಟು ಸೊಗಸಾಗಿ ಮಾತಾಡಿದರೆಂದರೆ, ಆ ವೈದ್ಯರು ನನ್ನ ಕಡೆ ತಿರುಗಿ ‘ನಿಮ್ಮ ತಂದೆ ನಿಮಗಿಂತ ಚುರುಕಾಗಿದ್ದಾರೆ, ಸುಮ್ಮನೆ ಗಾಬರಿಯಾಗಬೇಡಿ’ ಎಂದು ನಿದ್ದೆಮಾತ್ರೆಯ ಚೀಟಿ ಬರೆದು ಕಳುಹಿಸಿದರು. ಅಂದು ನಾನು ಬರಿಗೈಯಲ್ಲಿ ಹೋಗಿದ್ದೆ.

ಎರಡನೆಯ ಸಲ ಹೋಗುವಾಗ ಅವರದೇ ಚೆಕ್‌ರೋಲ್ ಮಾದರಿಯಲ್ಲಿ ಉದ್ದ ಪುಸ್ತಕವೊಂದಕ್ಕೆ ಗೆರೆ ಹಾಕಿದೆ. ಆಳುಗಳ ಹೆಸರಿನ ಜಾಗದಲ್ಲಿ ನಿದ್ದೆ, ಊಟ, ಮಲಮೂತ್ರ, ಸ್ನಾನ, ದಾರಿ, ಹಣ, ಸಿಟ್ಟು, ಬಿದ್ದದ್ದು ಎಂದು ಬರೆದು, ಅಡ್ಡಕ್ಕೆ ತಾರೀಖು ಹಾಕಿದೆ. ಸರಿಯಿದ್ದ ದಿನಕ್ಕೆ ಒಂದು ಗೀಟು, ತಪ್ಪಿದ ದಿನಕ್ಕೆ ಸೊನ್ನೆ, ವಿಶೇಷವಿದ್ದರೆ ಹಿಂಬದಿಯ ಪುಟದಲ್ಲಿ ಎರಡು ಸಾಲು. ‘14ನೇ ತಾರೀಖು, ರಾತ್ರಿ 2 ಗಂಟೆ, ಬಟವಾಡೆಗೆ ಹೊತ್ತಾಯಿತು ಎಂದು ಪಂಚೆ ಉಟ್ಟು ಬಾಗಿಲು ತೆಗೆದರು’ ಎಂಬಂಥ ಸಾಲು, ‘ರಾತ್ರಿ ತೊಂದರೆ ಕೊಡುತ್ತಾರೆ’ ಎಂಬ ಮಾತಿಗಿಂತ ವೈದ್ಯರಿಗೆ ಹತ್ತು ಪಾಲು ಉಪಯುಕ್ತ. ಮೊದಲ ಪುಟದಲ್ಲಿ ಮಾತ್ರ ಮೂರು ಸಂಗತಿಗಳನ್ನು ಯೋಚಿಸಿ ಬರೆಯಿರಿ: ಮೊಟ್ಟಮೊದಲು ಕಂಡ ಬದಲಾವಣೆ ಯಾವುದು ಮತ್ತು ಯಾವಾಗ, ಅದು ನಿಧಾನವಾಗಿ ಇಳಿಯುತ್ತ ಬಂತೋ, ಮೆಟ್ಟಿಲಿಳಿದಂತೆ ಒಮ್ಮೊಮ್ಮೆ ಧಡಕ್ಕನೆ ಕುಸಿಯಿತೋ, ಮೊದಲು ಹೋದದ್ದು ನೆನಪೋ, ಮಾತೋ, ನಡಿಗೆಯೋ, ನಡತೆಯೋ. ನಿಧಾನದ ಇಳಿಕೆ ಡಿಮೆನ್ಶಿಯಾದ ಒಂದು ಬಗೆಯಾದ ಅಲ್‌ಝೈಮರ್‌ನತ್ತ, ಮೆಟ್ಟಿಲಿನ ಇಳಿಕೆ ಮೆದುಳಿನ ರಕ್ತನಾಳಗಳ ತೊಂದರೆಯತ್ತ, ಮೊದಲು ನಡತೆ ಕೆಟ್ಟದ್ದಾದರೆ ಮೆದುಳಿನ ಮುಂಭಾಗದ ಕಾಯಿಲೆಯತ್ತ ತಜ್ಞರ ಗಮನವನ್ನು ತಿರುಗಿಸುತ್ತದೆ.

ಇಲ್ಲದ ಮಕ್ಕಳು ಅಂಗಳದಲ್ಲಿ ಕುಳಿತಿರುವಂತೆ ಕಾಣುವುದು, ನಿದ್ದೆಯಲ್ಲಿ ಒದೆಯುವುದು, ಚೀರುವುದು, ನಡಿಗೆ ಬಿಗಿಯಾಗುವುದು ಇದ್ದರೆ ಅದನ್ನು ತಪ್ಪದೆ ಬರೆಯಿರಿ. ಮಲೆನಾಡಿನ ಕಡೆ ಇದಕ್ಕೆ ‘ಗಾಳಿ ಸೋಕಿದೆ’ ಎಂದು ನಿಂಬೆಹಣ್ಣು ಮಂತ್ರಿಸಿಕೊಂಡು ಬಂದು ತಿಂಗಳುಗಳನ್ನು ಕಳೆಯುವವರಿದ್ದಾರೆ. ಹರಕೆ ಹೊರುವವರು ಹೊರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇದು ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾದ ಲಕ್ಷಣವಾಗಿರಬಹುದು, ಮತ್ತು ಅಂಥವರಿಗೆ ಹ್ಯಾಲೊಪೆರಿಡಾಲ್‌ನಂಥ ಕೆಲವು ಮನೋರೋಗದ ಔಷಧಿಗಳು ತೀವ್ರ ಅಪಾಯ ತರುತ್ತವೆ.

ನೋಟ್‌ಬುಕ್ ಜೊತೆಗೆ ಒಂದು ಬಟ್ಟೆ ಚೀಲ ಸಿದ್ಧವಾಗಲಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್, ಲೇಹ್ಯ, ಕಷಾಯದ ಪುಡಿಯನ್ನು ಅದಕ್ಕೆ ಸುರಿದುಕೊಂಡು ಹೋಗಿ. ನೆಗಡಿಗೆ, ಅಲರ್ಜಿಗೆ ಅಂಗಡಿಯಲ್ಲಿ ಕೇಳಿ ತರುವ ಕ್ಲೋರ್‌ಫೆನಿರಮೈನ್ ಇರುವ ಮಾತ್ರೆ, ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ವರ್ಷಗಟ್ಟಲೆ ನುಂಗುವ ಆಲ್‌ಪ್ರಾಜೊಲಾಮ್ ಇವೆಲ್ಲವೂ ಮುದಿ ಮೆದುಳನ್ನು ಮಂಕು ಮಾಡಬಲ್ಲವು. ಹಾಗೆಂದು ನೀವೇ ದಿಢೀರನೆ ನಿಲ್ಲಿಸಬೇಡಿ. ನಿದ್ದೆಮಾತ್ರೆಯನ್ನು ಒಮ್ಮೆಲೇ ಬಿಡಿಸಿದರೆ ಫಿಟ್ಸ್ ಬರುವ ಸಾಧ್ಯತೆಯಿದೆ.

ಹೆಜ್ಜೆ 3: ಮೊದಲು ಹತ್ತಿರದ ಫಿಸಿಶಿಯನ್ ಬಳಿ ಹೋಗಿ, ಸರಿಹೋಗಬಹುದಾದ ಕಾರಣಗಳನ್ನು ಹುಡುಕಿಸಿ

ನೇರವಾಗಿ ಬೆಂಗಳೂರಿಗೆ ಓಡಬೇಡಿ. ಮರೆವಿಗೆ ಕಾರಣವಾಗುವ, ಆದರೆ ಚಿಕಿತ್ಸೆಗೆ ಬಗ್ಗುವ ತೊಂದರೆಗಳು ಹಲವಿವೆ, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಹಾಸನದಲ್ಲೇ, ಚಿಕ್ಕಮಗಳೂರಿನಲ್ಲೇ ಪತ್ತೆ ಮಾಡಬಹುದು. ಥೈರಾಯ್ಡ್ ಕಡಿಮೆಯಾಗಿರುವುದು ಮತ್ತು ವಿಟಮಿನ್ ಬಿ12 ಕೊರತೆ ಇವುಗಳಲ್ಲಿ ಮುಖ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ‘ಗ್ಯಾಸಿನ ಮಾತ್ರೆ’ ಎಂದು ಕರೆಯುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆಗಳನ್ನೂ ವರ್ಷಗಳ ಕಾಲ ಸೇವಿಸಿದವರಲ್ಲಿ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಬಿ12 ಕುಸಿದಿರುವುದು ಸಾಮಾನ್ಯ. ನನ್ನ ತಂದೆಯದೂ ಕುಸಿದಿತ್ತು. ಚುಚ್ಚುಮದ್ದಿನಿಂದ ಅವರ ನಡಿಗೆ ಸುಧಾರಿಸಿತು, ನೆನಪು ಮಾತ್ರ ಮರಳಲಿಲ್ಲ, ಏಕೆಂದರೆ ಅವರಲ್ಲಿ ಬಿ12 ಕೊರತೆ, ಡಿಮೆನ್ಶಿಯಾ ಎರಡೂ ಇದ್ದವು.

ಬಚ್ಚಲಲ್ಲೋ ತೋಟದಲ್ಲೋ ಬಿದ್ದು ತಲೆಗೆ ಸಣ್ಣ ಪೆಟ್ಟಾದರೆ, ವಾರಗಳ ನಂತರ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಶೇಖರವಾಗಿ ಮಂಕು ಕವಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಹೆಚ್ಚು. ಅದು ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣುತ್ತದೆ, ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಪಾದ ನೆಲಕ್ಕೆ ಅಂಟಿದಂತೆ ಎಳೆದು ನಡೆಯುವುದು, ಮೂತ್ರದ ಹಿಡಿತ ತಪ್ಪುವುದು, ಮರೆವು, ಈ ಮೂರೂ ಒಟ್ಟಿಗೆ ಬಂದರೆ ಮೆದುಳಿನಲ್ಲಿ ನೀರು ತುಂಬಿರುವ ಸಾಧ್ಯತೆಯನ್ನು ತಜ್ಞರು ಪರಿಶೀಲಿಸುತ್ತಾರೆ. ಸಂಗಾತಿಯನ್ನು ಕಳೆದುಕೊಂಡವರಲ್ಲಿ ಖಿನ್ನತೆಯೇ ಮರೆವಿನ ವೇಷ ಹಾಕಿಕೊಂಡು ಬರುವುದುಂಟು. ಕಿವಿ ಕೇಳದವರು ಪ್ರಶ್ನೆ ಕೇಳಿಸದೆ ತಪ್ಪು ಉತ್ತರ ಕೊಟ್ಟು ಅರಳು ಮರಳು ಎನಿಸಿಕೊಳ್ಳುವುದೂ ಉಂಟು.

ಹೀಗಾಗಿ ಫಿಸಿಶಿಯನ್ ಬಳಿ ಕೇಳಬೇಕಾದ ಪರೀಕ್ಷೆಗಳ ಪಟ್ಟಿ ದೊಡ್ಡದೇನಲ್ಲ: ರಕ್ತಕಣಗಳ ಎಣಿಕೆ, ಸಕ್ಕರೆ, ಸೋಡಿಯಂ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ, ಥೈರಾಯ್ಡ್‌ನ ಟಿ.ಎಸ್.ಎಚ್., ಬಿ12, ಇ.ಸಿ.ಜಿ., ತಲೆಯ ಸ್ಕ್ಯಾನ್. ಎಂ.ಆರ್.ಐ. ಹೆಚ್ಚು ವಿವರ ಕೊಡುತ್ತದೆ, ಆದರೆ ಅರ್ಧ ಗಂಟೆಯಷ್ಟು ಹೊತ್ತು ಸದ್ದಿನ ಕೊಳವೆಯೊಳಗೆ ಅಲುಗಾಡದೆ ಮಲಗಬೇಕು. ಅದು ಸಾಧ್ಯವೇ ಇಲ್ಲದವರಿಗೆ ಸಿ.ಟಿ. ಸಾಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಹೆಜ್ಜೆ 4: ಜಿಲ್ಲೆಯೊಳಗೆ ಇರುವುದನ್ನು ಪೂರ್ತಿ ಬಳಸಿಕೊಳ್ಳಿ

ಹಾಸನದಲ್ಲಿ 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಹಿಮ್ಸ್, ಬೋಧನಾ ಆಸ್ಪತ್ರೆಯಾದ್ದರಿಂದ ಮೆಡಿಸಿನ್ ಮತ್ತು ಮನೋವೈದ್ಯಕೀಯ ವಿಭಾಗಗಳೆರಡೂ ಒಂದೇ ಆವರಣದಲ್ಲಿವೆ. ಚಿಕ್ಕಮಗಳೂರಿನವರಿಗೆ ಜಿಲ್ಲಾ ಆಸ್ಪತ್ರೆ ಮತ್ತು ಅಲ್ಲಿನ ಹೊಸ ವೈದ್ಯಕೀಯ ಕಾಲೇಜು ಇದೆ. ಎರಡೂ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿದ್ದು, ‘ಮನೋಚೈತನ್ಯ’ ಹೆಸರಿನ ಮಂಗಳವಾರದ ಕ್ಲಿನಿಕ್‌ಗಳ ಮೂಲಕ ತಾಲ್ಲೂಕು ಆಸ್ಪತ್ರೆಗಳಿಗೂ ಹೋಗುವ ವ್ಯವಸ್ಥೆ ಇದೆ. ಬೇಲೂರು, ಅರಕಲಗೂಡು, ಮೂಡಿಗೆರೆ, ಕೊಪ್ಪದಂಥ ಊರಿನವರು ತಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಬಳಿ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋದರೆ ಒಂದು ದಿನದ ಅಲೆದಾಟ ಉಳಿಯುತ್ತದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಕಾರ್ಯಕ್ರಮದಡಿ ಜಿಲ್ಲಾ ಮಟ್ಟಕ್ಕೂ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳು ಬಂದಿವೆ. ಹೊರರೋಗಿ ಚೀಟಿ ಮಾಡಿಸುವ ಕೌಂಟರ್‌ನಲ್ಲಿ ‘ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ವಾರ, ಯಾವ ಕೊಠಡಿ’ ಎಂದು ಹೆಸರು ಹಿಡಿದೇ ಕೇಳಿ, ಸುಮ್ಮನೆ ‘ಮರೆವಿಗೆ ತೋರಿಸಬೇಕು’ ಎಂದರೆ ಜನರಲ್ ಮೆಡಿಸಿನ್ ಸಾಲಿಗೆ ಕಳುಹಿಸುತ್ತಾರೆ.

ನ್ಯೂರಾಲಜಿಸ್ಟೋ ಸೈಕಿಯಾಟ್ರಿಸ್ಟೋ ಎಂಬ ಪ್ರಶ್ನೆ ಎಲ್ಲ ಮನೆಗಳಲ್ಲೂ ಏಳುತ್ತದೆ. ‘ನಮ್ಮ ಅಪ್ಪನಿಗೇನು ಹುಚ್ಚೇ’ ಎಂದು ಅಣ್ಣತಮ್ಮಂದಿರು ಮನೋವೈದ್ಯರ ಹೆಸರೆತ್ತಿದೊಡನೆ ಸಿಡುಕುವುದನ್ನು ನಾನೇ ಕಂಡಿದ್ದೇನೆ. ನಡಿಗೆ, ನಡುಕ, ಫಿಟ್ಸ್, ಪಾರ್ಶ್ವವಾಯುವಿನ ಇತಿಹಾಸ ಇದ್ದರೆ, ಅಥವಾ 65 ವರ್ಷಕ್ಕಿಂತ ಮೊದಲೇ ಕಾಯಿಲೆ ಕಾಣಿಸಿಕೊಂಡಿದ್ದರೆ ನರರೋಗ ತಜ್ಞರು ಮೊದಲು. ಅನುಮಾನ, ಸಿಟ್ಟು, ನಿದ್ದೆಗೇಡು, ಖಿನ್ನತೆ ಮುಂದಾಗಿದ್ದರೆ ಮನೋವೈದ್ಯರು ಮೊದಲು. ಎರಡು ಶಾಖೆಗಳೂ ಈ ಕಾಯಿಲೆಯನ್ನು ನೋಡುತ್ತವೆ, ಮತ್ತು ದೀರ್ಘಕಾಲದ ಆರೈಕೆಯಲ್ಲಿ ಮನೆಯವರ ಗೋಳನ್ನು ಹೆಚ್ಚು ತಾಳ್ಮೆಯಿಂದ ಕೇಳಿದವರು ನಮ್ಮ ಅನುಭವದಲ್ಲಿ ಮನೋವೈದ್ಯರೇ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಹಿರಿಯ ನಾಗರಿಕರ ಸಹಾಯವಾಣಿ 14567.

ಹೆಜ್ಜೆ 5: ದೂರದ ತಜ್ಞರ ಬಳಿಗೆ, ಸರಿಯಾದ ಸಿದ್ಧತೆಯೊಂದಿಗೆ

ಎಲ್ಲರನ್ನೂ ದೊಡ್ಡ ಊರಿಗೆ ಕರೆದೊಯ್ಯಬೇಕಾಗಿಲ್ಲ. ಎಂಬತ್ತೈದು ದಾಟಿದವರಲ್ಲಿ ನಿಧಾನವಾಗಿ ಬೆಳೆದ, ಸ್ಪಷ್ಟ ಲಕ್ಷಣಗಳ ಮರೆವನ್ನು ಜಿಲ್ಲೆಯ ವೈದ್ಯರೇ ನಿಭಾಯಿಸಬಲ್ಲರು. ಚಿಕ್ಕ ವಯಸ್ಸು, ತಿಂಗಳುಗಳಲ್ಲೇ ವೇಗವಾಗಿ ಇಳಿಯುವ ಕಾಯಿಲೆ, ವಿಚಿತ್ರ ನಡತೆ, ಇಲ್ಲದ್ದು ಕಾಣುವುದು, ಇಬ್ಬರು ವೈದ್ಯರ ಅಭಿಪ್ರಾಯ ಬೇರೆಬೇರೆಯಾಗಿರುವುದು, ಇಂಥ ಸಂದರ್ಭಗಳಲ್ಲಿ ಮಾತ್ರ ಪ್ರಯಾಣಕ್ಕೆ ಅರ್ಥವಿದೆ. ಹಾಸನದವರಿಗೆ ಮೈಸೂರಿನ ವೈದ್ಯಕೀಯ ಕಾಲೇಜುಗಳು ಸುಮಾರು 120 ಕಿ.ಮೀ., ಬೆಂಗಳೂರು ಸುಮಾರು 185 ಕಿ.ಮೀ. ಮಂಗಳೂರು, ಮಣಿಪಾಲಕ್ಕೆ ಹೋಗುವವರು ಮಳೆಗಾಲದಲ್ಲಿ ಶಿರಾಡಿ ಮತ್ತು ಚಾರ್ಮಾಡಿ ಘಾಟಿಗಳ ಸ್ಥಿತಿ ನೋಡಿಕೊಂಡೇ ಹೊರಡಬೇಕು. ಮಣ್ಣು ಕುಸಿದು ರಸ್ತೆ ನಿಂತರೆ, ಎಲ್ಲಿದ್ದೇವೆ ಎಂದು ಗೊತ್ತಿಲ್ಲದ ಹಿರಿಯರನ್ನು ಕಾರಿನೊಳಗೆ ಗಂಟೆಗಟ್ಟಲೆ ಕೂರಿಸುವುದು ಯಾರಿಗೂ ಬೇಡ.

ನಿಮ್ಹಾನ್ಸ್‌ಗೆ ಹೋಗುವವರು ಹಿಂದಿನ ದಿನವೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲೋ ಆಸ್ಪತ್ರೆಯ ಹತ್ತಿರದ ಕೊಠಡಿಯಲ್ಲೋ ಉಳಿದು, ಬೆಳಿಗ್ಗೆ ಬೇಗ ನೋಂದಣಿ ಮಾಡಿಸುವುದು ಒಳ್ಳೆಯದು. ಹೊಸಬರನ್ನು ಮೊದಲು ಪ್ರಾಥಮಿಕ ತಪಾಸಣೆ ಮಾಡಿ ನಂತರ ನ್ಯೂರಾಲಜಿ ಅಥವಾ ಮನೋವೈದ್ಯಕೀಯ ವಿಭಾಗಕ್ಕೆ ಕಳುಹಿಸುತ್ತಾರೆ. ವಯೋವೃದ್ಧರ ಮನೋವೈದ್ಯಕೀಯಕ್ಕೆ ಅಲ್ಲಿ ಪ್ರತ್ಯೇಕ ಘಟಕವಿದೆ. ಇಡೀ ದಿನ ಹಿಡಿಯುತ್ತದೆ ಎಂದುಕೊಂಡೇ ಹೋಗಿ. ಕಡ್ಡಾಯವಾಗಿ ಇಬ್ಬರು ಜೊತೆಗಿರಬೇಕು: ಒಬ್ಬರು ಸಾಲಿನಲ್ಲಿ ನಿಲ್ಲಲು, ಒಬ್ಬರು ಹಿರಿಯರ ಕೈ ಹಿಡಿದು ಕೂರಲು. ಒಂದು ಜೊತೆ ಬಟ್ಟೆ, ಡೈಪರ್, ನೀರು, ಅವರಿಗೆ ರೂಢಿಯಾದ ತಿಂಡಿ, ಬಿಪಿಎಲ್ ಕಾರ್ಡ್ ಮತ್ತು ಆಧಾರ್, ಸ್ಕ್ಯಾನ್‌ನ ಫಿಲ್ಮ್ ಮಾತ್ರವಲ್ಲದೆ ಸಿ.ಡಿ.ಯೂ ಚೀಲದಲ್ಲಿರಲಿ. ನನ್ನ ತಂದೆಗೆ ಒಂದು ಹಳೆಯ ಪೆನ್ನೂ ಕಾಗದದ ಪ್ಯಾಡೂ ಕೊಟ್ಟು ಕೂರಿಸಿದ್ದೆ. ಕಾಯುವ ಸಾಲಿನಲ್ಲಿದ್ದವರಿಗೆಲ್ಲ ಅವರು ಹಾಜರಿ ಹಾಕಿದರು, ಗಲಾಟೆ ಮಾಡಲಿಲ್ಲ.

ಹೆಜ್ಜೆ 6: ಒಳ್ಳೆಯ ವೈದ್ಯರನ್ನು ಗುರುತಿಸುವುದು

ಕಟ್ಟಡದ ಎತ್ತರ, ಹೆಸರಿನ ಮುಂದಿನ ಪದವಿಗಳ ಸಾಲು ಇದಕ್ಕೆ ಅಳತೆಗೋಲಲ್ಲ. ವೈದ್ಯರು ಹಿರಿಯರನ್ನು ಹೆಸರಿನಿಂದ, ‘ಯಜಮಾನರೇ’, ‘ಅಮ್ಮಾ’ ಎಂದು ಮಾತಾಡಿಸಿ, ಆಮೇಲೆ ಮನೆಯವರಲ್ಲಿ ಒಬ್ಬರನ್ನು ಪ್ರತ್ಯೇಕವಾಗಿ ಕರೆದು ಕೇಳುತ್ತಾರೆಯೇ ಎಂದು ಗಮನಿಸಿ. ತಂದೆಯ ಎದುರೇ ‘ಉಚ್ಚೆ ಹಾಸಿಗೆಯಲ್ಲೇ ಮಾಡ್ತಾರೆ’ ಎಂದು ಹೇಳಿಸುವ ವೈದ್ಯರ ಕೊಠಡಿಯಲ್ಲಿ ಮರ್ಯಾದೆಯೂ ಸಿಗದು, ನಿಜವಾದ ವಿವರವೂ ಹೊರಬರದು. ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲಿ, ವಿದ್ಯಾಭ್ಯಾಸಕ್ಕೆ ತಕ್ಕಂತೆ ಮಾಡುತ್ತಾರೆಯೇ ನೋಡಿ. 30 ಅಂಕಗಳ ಎಂ.ಎಂ.ಎಸ್.ಇ. ಪರೀಕ್ಷೆಯಲ್ಲಿ ನೂರರಿಂದ ಏಳೇಳು ಕಳೆಯುತ್ತ ಹೋಗುವ, ವಾಕ್ಯ ಬರೆಯುವ ಪ್ರಶ್ನೆಗಳಿವೆ. ಶಾಲೆ ಕಾಣದವರು ಮೆದುಳು ಸರಿಯಿದ್ದರೂ ಅದರಲ್ಲಿ ಸೋಲುತ್ತಾರೆ. ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಹೀಗೆಯೇ ಕಾಯಿಲೆಯ ಹಣೆಪಟ್ಟಿ ಅಂಟಿತ್ತು. ಎರಡನೆಯ ವೈದ್ಯರು ಅವರ ಬಳಿ ‘ಹತ್ತು ಜನಕ್ಕೆ ಮುದ್ದೆಗೆ ಎಷ್ಟು ಸೇರು ಹಿಟ್ಟು ಬೇಕು, ಇಪ್ಪತ್ತು ಜನ ಬಂದರೆ?’ ಎಂದು ಕೇಳಿದಾಗ, ಅಜ್ಜಿ ಲೆಕ್ಕ ಹೇಳಿದ್ದಲ್ಲದೆ ‘ಜೊತೆಗೆ ಸಾರು ಯಾವುದು ಅಂತ ಹೇಳು, ಅದರ ಮೇಲೆ ಮುದ್ದೆ ಹೋಗೋದು’ ಎಂದರಂತೆ. ಅವರಿಗಿದ್ದದ್ದು ಕಿವುಡು ಮತ್ತು ಬೇಸರ.

ನೀವು ಕೇಳಬೇಕಾದ ಪ್ರಶ್ನೆಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹೋಗಿ: ಇದು ಯಾವ ಬಗೆಯ ಡಿಮೆನ್ಶಿಯಾ, ಈಗ ಯಾವ ಹಂತ, ಈ ಮಾತ್ರೆಯಿಂದ ಏನನ್ನು ನಿರೀಕ್ಷಿಸಬೇಕು, ಎಷ್ಟು ವಾರ ನೋಡಿ ಉಪಯೋಗವಿಲ್ಲದಿದ್ದರೆ ನಿಲ್ಲಿಸಬೇಕು, ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಹಾಸನದ ನಮ್ಮ ವೈದ್ಯರಿಗೆ ಒಂದು ಪತ್ರ ಬರೆದುಕೊಡುವಿರಾ. ಕೊನೆಯ ಪ್ರಶ್ನೆಗೆ ಮುಖ ಗಂಟಿಕ್ಕುವ ತಜ್ಞರನ್ನು ಬದಲಿಸುವುದರಲ್ಲಿ ತಪ್ಪಿಲ್ಲ. ಪೂರ್ತಿ ಗುಣ ಮಾಡುತ್ತೇನೆಂದು ಪ್ಯಾಕೇಜ್ ಹೇಳುವವರಿಂದ, ಅದು ಸ್ಟೆಮ್ ಸೆಲ್ ಇರಲಿ ಗಿಡಮೂಲಿಕೆ ಇರಲಿ, ಎದ್ದು ಬನ್ನಿ.

ಹೆಜ್ಜೆ 7: ಔಷಧಿಯ ಮಿತಿಯನ್ನು ಅರಿತು ಕೊಡಿ

ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಂಟಿನ್ ಎಂಬ ಮಾತ್ರೆಗಳು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕೆಲವರಲ್ಲಿ ಕೆಲವು ಕಾಲ ಲಕ್ಷಣಗಳನ್ನು ತಹಬಂದಿಗೆ ತರುತ್ತವೆ. ಡೊನೆಪೆಜಿಲ್ ಅನ್ನು ಸಾಮಾನ್ಯವಾಗಿ 5 ಮಿ.ಗ್ರಾಂ.ನಿಂದ ಆರಂಭಿಸಿ, ನಾಲ್ಕಾರು ವಾರಗಳ ನಂತರ 10ಕ್ಕೆ ಏರಿಸುತ್ತಾರೆ. ಅದು ನಾಡಿಬಡಿತವನ್ನು ನಿಧಾನಗೊಳಿಸಬಲ್ಲದಾದ್ದರಿಂದ ಆರಂಭಕ್ಕೆ ಮೊದಲು ಇ.ಸಿ.ಜಿ. ಆಗಿದೆಯೇ ಎಂದು ಕೇಳಿ, ಮತ್ತು ತಲೆಸುತ್ತಿ ಬಿದ್ದರೆ, ಊಟ ಬಿಟ್ಟು ತೂಕ ಇಳಿದರೆ ತಕ್ಷಣ ತಿಳಿಸಿ. ರಿವಾಸ್ಟಿಗ್ಮಿನ್ ಅಂಟುಪಟ್ಟಿಯ ರೂಪದಲ್ಲೂ ಇದೆ. ಹಳೆಯದನ್ನು ಕಿತ್ತು ಹೊಸದನ್ನು ಬೇರೆ ಜಾಗಕ್ಕೆ ಅಂಟಿಸಬೇಕು, ಎರಡು ಒಟ್ಟಿಗೆ ಉಳಿದರೆ ಅಪಾಯ.

ಸಿಟ್ಟು, ಕೂಗಾಟಕ್ಕೆ ಕೊಡುವ ರಿಸ್ಪೆರಿಡೋನ್, ಕ್ವೆಟಯಪಿನ್‌ನಂಥ ಔಷಧಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಇವು ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆಂಬ ಎಚ್ಚರಿಕೆ 2005ರಿಂದಲೇ ಇದೆ. ಅನಿವಾರ್ಯವಾದಾಗ ಕಡಿಮೆ ಪ್ರಮಾಣದಲ್ಲಿ, ಕಡಿಮೆ ಕಾಲ ಕೊಟ್ಟು, ಯಾವಾಗ ನಿಲ್ಲಿಸಬೇಕೆಂಬ ದಿನಾಂಕವನ್ನೂ ಬರೆಸಿಕೊಳ್ಳಬೇಕು. ಎಷ್ಟೋ ಮನೆಗಳಲ್ಲಿ ಎರಡು ವಾರಕ್ಕೆಂದು ಬರೆದ ಮಾತ್ರೆ ಮೆಡಿಕಲ್ ಶಾಪಿನ ಕೃಪೆಯಿಂದ ಎರಡು ವರ್ಷ ನಡೆಯುತ್ತದೆ. ಅದಕ್ಕಿಂತ ಮೊದಲು ಸಿಟ್ಟಿನ ಹಿಂದಿರುವ ಕಾರಣ ಹುಡುಕಿ: ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆಯೇ, ಹಲ್ಲು ನೋಯುತ್ತಿದೆಯೇ, ಮೂತ್ರ ಉರಿಯುತ್ತಿದೆಯೇ. ಹೇಳಿಕೊಳ್ಳಲು ಮಾತು ಸಿಗದವರ ನೋವು ಕೂಗಾಗಿ ಹೊರಬರುತ್ತದೆ.

ಹೆಜ್ಜೆ 8: ಹತ್ತಿರದ ವೈದ್ಯರನ್ನು ಗಟ್ಟಿ ಮಾಡಿಕೊಳ್ಳಿ

ಇದು ಬಡಾವಣೆಯ ಎಂ.ಬಿ.ಬಿ.ಎಸ್. ವೈದ್ಯರಾಗಿದ್ದರೂ ಸಾಕು, ಸಂಜೆ ಎಂಟಕ್ಕೆ ಫೋನ್ ಎತ್ತುವವರು, ಅಗತ್ಯ ಬಿದ್ದರೆ ಮನೆಗೆ ಬರುವವರು, ತಜ್ಞರ ಪತ್ರವನ್ನು ಓದಿ ಅಹಂಕಾರವಿಲ್ಲದೆ ಪಾಲಿಸುವವರು ಆಗಿರಬೇಕು. ಮೂರು ತಿಂಗಳಿಗೊಮ್ಮೆ ಬಿ.ಪಿ., ಸಕ್ಕರೆ, ತೂಕ, ವರ್ಷಕ್ಕೊಮ್ಮೆ ಕಣ್ಣು, ಕಿವಿ, ಹಲ್ಲು ನೋಡಿಸಿ. ಕಣ್ಣಿನ ಪೊರೆ ತೆಗೆಸಿ, ಕಿವಿಯ ಯಂತ್ರ ಹಾಕಿಸಿದ ಮಾತ್ರಕ್ಕೆ ಗೊಂದಲ ಎಷ್ಟೋ ಇಳಿದ ಮನೆಗಳಿವೆ. ಸೊಂಟದ ಮೂಳೆ ಮುರಿದೋ ಬೇರೆ ಕಾರಣಕ್ಕೋ ಒಳರೋಗಿಯಾಗಿ ಸೇರಿಸಬೇಕಾದರೆ, ಮೂಳೆ ವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ದಾಖಲಾಗುವಾಗಲೇ ‘ಇವರಿಗೆ ಡಿಮೆನ್ಶಿಯಾ ಇದೆ’ ಎಂದು ಹೇಳಿ, ಕೇಸ್ ಶೀಟಿನಲ್ಲಿ ಬರೆಸಿ, ರಾತ್ರಿ ಪರಿಚಿತ ಮುಖವೊಂದು ಪಕ್ಕದಲ್ಲಿರುವಂತೆ ನೋಡಿಕೊಳ್ಳಿ.

ಹೋಂ ನರ್ಸ್ ಬೇಕಾದರೆ ಏಜೆನ್ಸಿಯ ಮಾತಿಗಿಂತ, ಅವರು ಹಿಂದೆ ಕೆಲಸ ಮಾಡಿದ ಮನೆಯವರ ಮಾತನ್ನು ನಂಬಿ. ಆಧಾರ್ ಪ್ರತಿ ಪಡೆದು, ಮೊದಲ ವಾರ ನೀವೂ ಜೊತೆಗಿರಿ. ಹಿರಿಯರ ಜೇಬಿನಲ್ಲಿ ನಿಮ್ಮ ಫೋನ್ ಸಂಖ್ಯೆಯ ಚೀಟಿಯಿದ್ದರೆ ಕಳೆದುಹೋಗುತ್ತದೆ. ಸ್ಟೀಲ್ ಬಳೆಯ ಮೇಲೆ ಕೆತ್ತಿಸಿದರೆ ಉಳಿಯುತ್ತದೆ. ಹಾಸನಾಂಬೆಯ ದರ್ಶನದ ಜಾತ್ರೆಯಂಥ ಜನಜಂಗುಳಿಗೆ ಕರೆದೊಯ್ಯುವ ಆಸೆಯನ್ನು ಬಿಟ್ಟುಬಿಡಿ. ಕಾಣೆಯಾದರೆ ಒಂದು ಗಂಟೆಗಿಂತ ಹೆಚ್ಚು ನೀವೇ ಹುಡುಕುತ್ತ ಕೂರದೆ 112ಕ್ಕೆ ಕರೆ ಮಾಡಿ, ಇತ್ತೀಚಿನ ಫೋಟೋ ಕೊಡಿ.

ಹೆಜ್ಜೆ 9: ಕಾಗದಪತ್ರ, ಹಣ

ಅವರಿಗೆ ಇನ್ನೂ ತಿಳಿವಳಿಕೆ ಇರುವಾಗಲೇ ಮಾಡಬೇಕಾದ ಕೆಲಸಗಳಿವು. ಪಿಂಚಣಿಯ ಖಾತೆಯನ್ನು ಸಂಗಾತಿಯ ಜೊತೆ ಜಂಟಿ ಮಾಡಿಸುವುದು, ಉಯಿಲು ಬರೆಸುವುದಿದ್ದರೆ ವೈದ್ಯರ ಪ್ರಮಾಣಪತ್ರದೊಂದಿಗೆ ನೋಂದಾಯಿಸುವುದು ಮೊದಲ ಸಾಲಿನಲ್ಲಿರಲಿ. ಪವರ್ ಆಫ್ ಅಟಾರ್ನಿ ಇದೆಯೆಂದು ನೆಮ್ಮದಿಯಾಗಿರುವವರು ಗಮನಿಸಬೇಕು: 1872ರ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಅದು ಕೊನೆಗೊಳ್ಳುತ್ತದೆ. ಆಮೇಲೆ ಜಮೀನು ಮಾರಲು, ಠೇವಣಿ ತೆಗೆಯಲು ಪಾಲಕರ ನೇಮಕಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಕೊನೆಗಾಲದ ಚಿಕಿತ್ಸೆ ಹೇಗಿರಬೇಕೆಂಬ ಮುಂಗಡ ಸೂಚನೆಯನ್ನು, ಸುಪ್ರೀಂ ಕೋರ್ಟಿನ 2023ರ ಆದೇಶದಂತೆ, ಇಬ್ಬರು ಸಾಕ್ಷಿಗಳೊಂದಿಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಬರೆದಿಡಬಹುದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಆದರೆ ಅದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ತಿಂಗಳ ಮಾತ್ರೆ, ಡೈಪರ್, ಹೋಂ ನರ್ಸ್ ಖರ್ಚು ಕೈಯಿಂದಲೇ. ದಾಖಲಾಗುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ನೆರವಿಗಿರುವ ಆರೋಗ್ಯ ಮಿತ್ರರನ್ನು ಕಂಡು, ರೆಫರಲ್ ಪತ್ರ ಬೇಕೇ ಎಂದು ಕೇಳಿ. ತಿಂಗಳ ಮಾತ್ರೆಗಳು ಜನೌಷಧಿ ಕೇಂದ್ರದಲ್ಲಿ ಸಿಗುತ್ತವೆಯೇ ನೋಡಿ, ಖರ್ಚು ಗಣನೀಯವಾಗಿ ಇಳಿಯುತ್ತದೆ.

ಹೆಜ್ಜೆ 10: ಪ್ರಯಾಣ ನಿಲ್ಲಿಸುವ ಹೊತ್ತು

ನುಂಗುವುದು ಕಷ್ಟವಾಗಿ ಊಟದಲ್ಲಿ ಕೆಮ್ಮು ಬರತೊಡಗಿದರೆ, ನಡಿಗೆ ನಿಂತರೆ, ದೊಡ್ಡ ಆಸ್ಪತ್ರೆಯ ಪ್ರಯಾಣದಿಂದ ಹಿರಿಯರಿಗೆ ಲಾಭಕ್ಕಿಂತ ಸಂಕಟ ಹೆಚ್ಚು. ಈ ಹಂತದಲ್ಲಿ ಮೂಗಿನ ಕೊಳವೆಯಿಂದ ಆಹಾರ ಕೊಡುವ ಸಲಹೆ ಬರುತ್ತದೆ. ಮುಂದುವರಿದ ಡಿಮೆನ್ಶಿಯಾದಲ್ಲಿ ಕೊಳವೆ ಆಯುಸ್ಸನ್ನು ಹೆಚ್ಚಿಸುವುದೂ ಇಲ್ಲ, ನ್ಯುಮೋನಿಯಾವನ್ನು ತಡೆಯುವುದೂ ಇಲ್ಲ ಎಂಬುದು ವೈದ್ಯಲೋಕದ ಈಗಿನ ಅಭಿಪ್ರಾಯ. ನೆಟ್ಟಗೆ ಕೂರಿಸಿ, ಗಂಜಿಯನ್ನು ಗಟ್ಟಿ ಮಾಡಿ, ಸಣ್ಣ ಚಮಚದಲ್ಲಿ ನಿಧಾನವಾಗಿ ಉಣಿಸುವ ಕ್ರಮವನ್ನು ಹತ್ತಿರದ ವೈದ್ಯರಿಂದಲೋ ದಾದಿಯಿಂದಲೋ ಕಲಿತುಕೊಳ್ಳಿ. ಮಗ್ಗುಲು ಬದಲಿಸುವುದು, ಬೆನ್ನು ಹುಣ್ಣಾಗದಂತೆ ನೋಡುವುದು, ನೋವು ಶಮನ ಇವೇ ಆಗ ಚಿಕಿತ್ಸೆ.

ಬೆಂಗಳೂರಿನ ನಮ್ಮ ತಜ್ಞರು ಕಳೆದ ಭೇಟಿಯಲ್ಲಿ ನೋಟ್‌ಬುಕ್ಕಿನ ಪುಟಗಳನ್ನು ಹಿಂದೆ ಮುಂದೆ ತಿರುವಿ, ‘ಮುಂದಿನ ಸಲ ಇದೊಂದನ್ನೇ ತನ್ನಿ, ಅವರನ್ನು ಕರೆತರಬೇಡಿ’ ಎಂದರು. ಹಾಸನದ ವೈದ್ಯರಿಗೆಂದು ಒಂದು ಪುಟದ ಪತ್ರ ಬರೆದು ಅದೇ ನೋಟ್‌ಬುಕ್ಕಿನೊಳಗೆ ಮಡಚಿಟ್ಟರು. ನಾವು ಹೊರಡುವಾಗ ಅಪ್ಪ ಪೆನ್ನು ಕೇಳಿ, ಅಂದಿನ ತಾರೀಖಿನ ಕೆಳಗೆ ತಮ್ಮ ಕಿರುಸಹಿ ಹಾಕಿದರು.